ಶಬ್ದವೇ ಬರದ ಕೀಬೋರ್ಡಿಗೆ ದುಡ್ಡು ಯಾಕೆ?

ಹೋದ ಸಂಚಿಕೆಯಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಮಿಡಿ ಕೀಬೋರ್ಡ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸಿ ಹಾಡು ಕಟ್ಟಲು ಬಳಸುವ, ಪಿಯಾನೊ ಥರದ ಕೀ ಇರುವ ಕೀಬೋರ್ಡ್. ಯಾವುದು ತಗೊಳ್ಳಲಿ, ಎಷ್ಟು ಕೀ ಬೇಕು, ತಂದದ್ದು ಯಾಕೆ ಸದ್ದು ಮಾಡುತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ನಾನು ಹದಿನೈದು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು, ಈಗ ಮನೆಯ ಒಂದು ರೂಮಿನಲ್ಲಿ ಕೂತು ಭಾವಗೀತೆ, ಜಾಹೀರಾತಿನ ಜಿಂಗಲ್, ಸ್ಕೂಲ್ ಡೇ ಡಾನ್ಸ್ ಟ್ರ್ಯಾಕು ಅಂತ ಏನೇನೋ ಮಾಡಿಕೊಂಡಿದ್ದೇನೆ. ಅಂಗಡಿಯವನಲ್ಲ. ಯಾವ ಕಂಪನಿ ಹೆಸರು ಹೇಳಿದರೂ ನನಗೆ ಬರುವುದೇನಿಲ್ಲ.

ಪ್ರಶ್ನೆ: ಆನ್‌ಲೈನಲ್ಲಿ 25 ಕೀಗಳ ಮಿಡಿ ಕೀಬೋರ್ಡ್ ತರಿಸಿದೆ. ಹಾಡು ಮಾಡಲು ಎಫ್‌ಎಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಲೈಟೆಲ್ಲ ಹತ್ತುತ್ತದೆ, ಆದರೆ ಚೂರೂ ಶಬ್ದವಿಲ್ಲ. ಸ್ಪೀಕರ್ ಸಿಕ್ಕಿಸುವ ತೂತೂ ಕಾಣುತ್ತಿಲ್ಲ. ಕೆಟ್ಟ ಪೀಸ್ ಬಂದಿದೆಯಾ? ವಾಪಸ್ ಕಳಿಸಲಾ?
– ಹೊನ್ನಾವರದ ಓದುಗರು

ಕಳಿಸಬೇಡಿ ಸ್ವಾಮಿ, ಅದು ಸರಿಯಾಗೇ ಇದೆ. ಅದರೊಳಗೆ ಶಬ್ದವೇ ಇಲ್ಲ. ನೀವು ಟೈಪ್ ಮಾಡುವ ಕೀಬೋರ್ಡನ್ನು ಕಂಪ್ಯೂಟರಿನಿಂದ ಕಿತ್ತು ಮೇಜಿನ ಮೇಲಿಟ್ಟು ಎಷ್ಟು ಕುಟ್ಟಿದರೂ ಒಂದಕ್ಷರ ಮೂಡುವುದಿಲ್ಲ ಅಲ್ವಾ, ಇದೂ ಹಾಗೇ. ನೀವು ಒಂದು ಕೀ ಒತ್ತಿದಾಗ ಅದು ಲ್ಯಾಪ್‌ಟಾಪಿಗೆ ಸಣ್ಣದೊಂದು ಸಂದೇಶ ಕಳಿಸುತ್ತದೆ: 60ನೇ ನಂಬರಿನ ಕೀ ಒತ್ತಿದರು, 87ರಷ್ಟು ಜೋರಾಗಿ ಒತ್ತಿದರು. ಬೆರಳೆತ್ತಿದಾಗ ಇನ್ನೊಂದು: 60ನ್ನು ಬಿಟ್ಟರು. ಅಷ್ಟೇ ಅದರ ಕೆಲಸ. ಅದು ಪಿಯಾನೊ ಆಗಬೇಕಾ, ಕೊಳಲಾಗಬೇಕಾ, ನಗಾರಿಯಾಗಬೇಕಾ ಎನ್ನುವುದೆಲ್ಲ ಸಾಫ್ಟ್‌ವೇರಿನ ತಲೆನೋವು.

ನೀವು ಎಫ್‌ಎಲ್ ಸ್ಟುಡಿಯೋ ಬಳಸುತ್ತೀರಿ ಎಂದು ಬರೆದಿದ್ದೀರಿ. ಮೊದಲು ಕೀಬೋರ್ಡ್ ಸಿಕ್ಕಿಸಿ, ಆಮೇಲೆ ಸಾಫ್ಟ್‌ವೇರ್ ತೆರೆಯಿರಿ. ಆಪ್ಷನ್ಸ್‌ನಲ್ಲಿ ಮಿಡಿ ಸೆಟ್ಟಿಂಗ್ಸ್‌ಗೆ ಹೋಗಿ, ಇನ್‌ಪುಟ್ ಪಟ್ಟಿಯಲ್ಲಿ ನಿಮ್ಮ ಕೀಬೋರ್ಡಿನ ಹೆಸರು ಹುಡುಕಿ, 'ಎನೇಬಲ್' ಒತ್ತಿ. ನಂತರ ಯಾವುದಾದರೂ ಒಂದು ವಾದ್ಯದ ಚಾನೆಲ್ ಆರಿಸಿ ನುಡಿಸಿ. ಬರುತ್ತದೆ.

ಇನ್ನೊಂದು ಮಾತು, ಇದು ಹಳೆಯ ಕತೆ ಆದರೂ ಹೇಳಬೇಕು. ಈ ಮಿಡಿ ಎನ್ನುವ ಭಾಷೆ 1983ರದ್ದು. ಆಗ ಒಂದು ಕಂಪನಿಯ ಸಿಂಥಸೈಸರ್ ಇನ್ನೊಂದು ಕಂಪನಿಯದರ ಜೊತೆ ಮಾತಾಡುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುಟಾರೊ ಕಾಕೆಹಾಶಿ ಸೇರಿ ಎಲ್ಲರಿಗೂ ಒಂದೇ ಭಾಷೆ ಇರಲಿ ಎಂದು ಹಠ ಹಿಡಿದರು. ಅದಕ್ಕೆ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಕೂಡ ಬಂತು. ಅವತ್ತಿನ ಕೀಬೋರ್ಡನ್ನು ಇವತ್ತಿನ ಲ್ಯಾಪ್‌ಟಾಪಿಗೆ ಒಂದು ಕೇಬಲ್ಲಿನಿಂದ ಜೋಡಿಸಿದರೆ ಈಗಲೂ ಮಾತಾಡುತ್ತದೆ. ನಾಲ್ಕು ವರ್ಷದ ಹಿಂದಿನ ಫೋನ್ ಚಾರ್ಜರ್ ಇವತ್ತು ಕೆಲಸಕ್ಕೆ ಬರದ ಕಾಲದಲ್ಲಿ ಇದು ನನಗಂತೂ ಆಶ್ಚರ್ಯವೇ.

ಪ್ರಶ್ನೆ: ನಾನು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ, ಎಂಟು ವರ್ಷದ ಅಭ್ಯಾಸ. ಈಗ ಲ್ಯಾಪ್‌ಟಾಪಿನಲ್ಲಿ ಎಫ್‌ಎಲ್ ಸ್ಟುಡಿಯೋ ಹಾಕಿಕೊಂಡು ನಮ್ಮದೇ ಹಾಡು ಮಾಡುವ ಆಸೆ. ಕೈಯಲ್ಲಿ ಹನ್ನೆರಡು ಸಾವಿರ ಇದೆ. ಸ್ನೇಹಿತರು 25 ಕೀ, ಎಂಟು ಪ್ಯಾಡು (ಬೆರಳಲ್ಲಿ ಬಡಿದು ತಾಳ ನುಡಿಸುವ ಚೌಕ), ಎಂಟು ನಾಬ್ (ತಿರುಗಿಸುವ ಗುಂಡಿ) ಇರುವುದು ಸಾಕು ಅನ್ನುತ್ತಾರೆ. ಅಂಗಡಿಯವರು 61 ಕೀ ತಗೊಳ್ಳಿ, ಮುಂದಕ್ಕೆ ಬೇಕಾಗುತ್ತೆ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ದಾವಣಗೆರೆಯ ಓದುಗರು

ಇಬ್ಬರದ್ದೂ ಬೇಡ. ನಿಮ್ಮ ಹಾರ್ಮೋನಿಯಂ ಮಾತು ಕೇಳಿ.

ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಮನೆ ಇದೆ, ಎಣಿಸಿದ್ದೀರಾ? ಸಾಮಾನ್ಯವಾಗಿ 39 ಇರುತ್ತದೆ, ಇಲ್ಲಾ 42. ಅಂದರೆ ಮೂರೂಕಾಲು, ಮೂರೂವರೆ ಸಪ್ತಕ. ಎಂಟು ವರ್ಷದಿಂದ ನಿಮ್ಮ ಬಲಗೈ ಓಡಾಡಿರುವುದು ಅಷ್ಟು ಜಾಗದಲ್ಲಿ. 25 ಕೀ ಅಂದರೆ ಎರಡೇ ಸಪ್ತಕ. ಅಭಂಗವೊಂದನ್ನು ಮಂದ್ರದಿಂದ ಎತ್ತಿ ತಾರಕ್ಕೆ ಒಯ್ಯುವಷ್ಟರಲ್ಲಿ ಕೀಬೋರ್ಡು ಮುಗಿದುಹೋಗಿ ಬೆರಳು ಮೇಜಿನ ಮೇಲೆ ಬಿದ್ದಿರುತ್ತದೆ. ಆಕ್ಟೇವ್ ಬಟನ್ ಇದೆ, ಅದನ್ನೊತ್ತಿದರೆ ಮೇಲಿನ ಸಪ್ತಕ ಸಿಗುತ್ತದೆ ಅನ್ನುತ್ತಾರೆ, ನಿಜ, ಸಿಗುತ್ತದೆ. ಆದರೆ ಹಾಡಿನ ಮಧ್ಯೆ ಬಟನ್ ಹುಡುಕುವವನು ಹಾಡನ್ನು ಬಿಟ್ಟಿರುತ್ತಾನೆ. ಬೀಟ್ ಮಾಡುವವರಿಗೆ, ನಾಲ್ಕು ಸ್ವರದ ತುಣುಕನ್ನು ಸುತ್ತಿಸುತ್ತ ಹಾಡು ಕಟ್ಟುವವರಿಗೆ 25 ಧಾರಾಳ ಸಾಕು. ನಿಮಗಲ್ಲ.

ಜೊತೆಗೆ ಆ ಚಿಕ್ಕ ಕೀಬೋರ್ಡುಗಳ ಕೀಯೂ ಚಿಕ್ಕದು. ಆಕಾಯ್ ಎಂಪಿಕೆ ಮಿನಿ, ಆರ್ಟುರಿಯಾ ಮಿನಿಲ್ಯಾಬ್ ಇವೆಲ್ಲ ಒಳ್ಳೆಯ ವಸ್ತುಗಳೇ, ಒಂದಡಿ ಉದ್ದ, ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಹಿಡಿಯುತ್ತವೆ, ಯುಎಸ್‌ಬಿಯಿಂದಲೇ ಕರೆಂಟು ತಗೊಳ್ಳುವುದರಿಂದ ಪವರ್ ಕಟ್ ಆದರೂ ಲ್ಯಾಪ್‌ಟಾಪ್ ಬ್ಯಾಟರಿ ಇರೋವರೆಗೂ ಕೆಲಸ ನಡೆಯುತ್ತದೆ. ನನ್ನ ಮೊದಲನೆಯದೂ ಅಂಥದ್ದೇ. ಅಂಗಡಿಯಲ್ಲಿ ನೋಡಿದ್ದು ಅದರ ಬಣ್ಣಬಣ್ಣದ ಪ್ಯಾಡುಗಳನ್ನ, ಒಂದು ಸಲವೂ ಎರಡೂ ಕೈಯಿಟ್ಟು ನುಡಿಸಿ ನೋಡಲಿಲ್ಲ. ಮನೆಗೆ ತಂದು ಒಂದು ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ, ಹಿಡಿದರೆ ಹೆಬ್ಬೆರಳು ಪಕ್ಕದ ಕೀಯನ್ನೂ ಸೇರಿಸಿಕೊಂಡು ಒತ್ತುತ್ತಿತ್ತು. ಎಂಟು ನಾಬ್‌ಗೂ ಚೀಟಿ ಅಂಟಿಸಿ ಹೆಸರು ಬರೆದಿದ್ದೆ: ಫಿಲ್ಟರ್, ರಿವರ್ಬ್, ಇನ್ನೊಂದು, ಮತ್ತೊಂದು. ಎರಡು ವರ್ಷದಲ್ಲಿ ನಾನು ತಿರುಗಿಸಿದ್ದು ಒಂದನ್ನ. ಉಳಿದ ಏಳರ ಮೇಲೆ ಧೂಳು, ಚೀಟಿಯ ಸಮೇತ.

ಹಾಗಂತ 61 ಬೇಕಾ? ಎಡಗೈಯಲ್ಲಿ ಕಾರ್ಡ್ ಹಿಡಿದು ಬಲಗೈಯಲ್ಲಿ ರಾಗ ನುಡಿಸುವವರಿಗೆ ಬೇಕು. ನಿಮ್ಮ ಎಡಗೈ ಇಷ್ಟು ವರ್ಷ ಮಾಡಿದ್ದು ತಿದಿ ಒತ್ತುವ ಕೆಲಸ. ಮೇಲಾಗಿ 61 ಕೀ ಅಂದರೆ ಮೂರಡಿ ಹತ್ತಿರ ಬರುತ್ತದೆ. ನಿಮ್ಮ ಮೇಜಿನ ಮೇಲೆ ಅದಿಟ್ಟರೆ ಲ್ಯಾಪ್‌ಟಾಪ್ ಎಲ್ಲಿಡುತ್ತೀರಿ? ಇದನ್ನು ಯಾರೂ ಯೋಚಿಸುವುದಿಲ್ಲ. ಕೊಳ್ಳುವ ಮುಂಚೆ ಹಳೆ ನ್ಯೂಸ್‌ಪೇಪರನ್ನು ಆ ಅಳತೆಗೆ ಕತ್ತರಿಸಿ ಮೇಜಿನ ಮೇಲಿಟ್ಟು ನೋಡಿ, ಸುಮ್ನೆ ಅಲ್ಲ, ನಿಜವಾಗಿ ಹೇಳುತ್ತಿದ್ದೇನೆ. ನಿಮಗೆ ಸರಿಹೊಂದುವುದು 49 ಕೀ, ಪೂರ್ತಿ ಅಗಲದ ಕೀ ಇರುವಂಥದ್ದು. ಎಂ-ಆಡಿಯೋದ ಕೀಸ್ಟೇಷನ್ 49 ಥರದ್ದು, ಅದರಲ್ಲಿ ಪ್ಯಾಡಿಲ್ಲ, ಸಾಲುಸಾಲು ನಾಬ್ ಇಲ್ಲ, ಹಾಕಿದ ದುಡ್ಡು ಕೀಗೇ ಹೋಗಿರುತ್ತದೆ. ಪ್ಯಾಡೂ ಬೇಕೇಬೇಕು ಅಂದರೆ ನೋವೇಷನ್ ಲಾಂಚ್‌ಕೀ 49 ಇದೆ, ಅದು ಏಬಲ್‌ಟನ್ ಲೈವ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರನ್ನು ಮನಸ್ಸಲ್ಲಿಟ್ಟು ಮಾಡಿದ್ದು, ಬೆಲೆಯೂ ಒಂದು ಮೆಟ್ಟಿಲು ಮೇಲೆ.

ಈಗ ಯಾರೂ ಹೇಳದ ಒಂದು ವಿಷಯ. ಹಾರ್ಮೋನಿಯಂನಲ್ಲಿ ಮನೆಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ದನಿ ಅಷ್ಟೇ. ಏರಿಳಿತ ಬರುವುದು ತಿದಿಯಿಂದ. ಮಿಡಿ ಕೀಬೋರ್ಡಿನಲ್ಲಿ ಇದು ತಿರುವುಮುರುವು. ಕೀಯನ್ನು ಎಷ್ಟು ವೇಗವಾಗಿ ಒತ್ತಿದಿರಿ ಎಂಬುದನ್ನು ಅದು 1ರಿಂದ 127ರವರೆಗಿನ ಒಂದು ಸಂಖ್ಯೆಯಾಗಿ ಕಳಿಸುತ್ತದೆ, ಅದಕ್ಕೆ ವೆಲಾಸಿಟಿ ಅನ್ನುತ್ತಾರೆ. ಹಾರ್ಮೋನಿಯಂ ಕೈಯವರು ಮೊದಲ ದಿನ ನುಡಿಸಿದಾಗ ಒಂದು ಸ್ವರ 40, ಮುಂದಿನದು 110, ಹೀಗೆ ಹಾಡೆಲ್ಲ ಏಟು ಬಿದ್ದಂತೆ ಕೇಳುತ್ತದೆ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ನಿಮ್ಮ ಬೆರಳಿಗೆ ಆ ಪಾಠ ಆಗಿಲ್ಲ ಅಷ್ಟೇ. ಬಹಳಷ್ಟು ಕೀಬೋರ್ಡುಗಳಲ್ಲಿ ವೆಲಾಸಿಟಿ ಕರ್ವ್ ಬದಲಿಸುವ ಸೌಲಭ್ಯ ಇರುತ್ತದೆ, ಮೊದಲ ತಿಂಗಳು ಅದನ್ನು ಫಿಕ್ಸೆಡ್‌ಗೆ ಹಾಕಿಬಿಡಿ, ಆಗ ಎಲ್ಲಾ ಸ್ವರವೂ ಒಂದೇ ಜೋರಿನಲ್ಲಿ ಬರುತ್ತದೆ. ತಿದಿಯ ಕೆಲಸವನ್ನು ಎಡಗಡೆಯ ಮಾಡ್ಯುಲೇಷನ್ ಚಕ್ರಕ್ಕೆ ಕೊಡಿ. ಆ ಚಕ್ರ ಮಿಡಿ ಭಾಷೆಯಲ್ಲಿ ಕಂಟ್ರೋಲ್ ನಂಬರ್ 1. ಸಾಫ್ಟ್‌ವೇರಿನಲ್ಲಿ ಅದನ್ನು ದನಿಯ ಮಟ್ಟಕ್ಕೆ ಕಟ್ಟಬಹುದು, ಆರ್ಕೆಸ್ಟ್ರಾ ಸ್ಟ್ರಿಂಗ್ಸ್‌ನ ಎಷ್ಟೋ ಸ್ಯಾಂಪಲ್ ಲೈಬ್ರರಿಗಳಲ್ಲಿ (ನಿಜವಾದ ವಾದ್ಯದ ದನಿ ರೆಕಾರ್ಡ್ ಮಾಡಿಟ್ಟ ಸಂಗ್ರಹ) ಅದು ಮೊದಲೇ ಹಾಗೆ ಕಟ್ಟಿರುತ್ತದೆ. ಬಲಗೈ ಸ್ವರ ಹಿಡಿಯಲಿ, ಎಡಗೈ ಚಕ್ರ ತಳ್ಳಲಿ. ಪಿಯಾನೊ ಕಲಿತವರು ವಾರಗಟ್ಟಲೆ ಒದ್ದಾಡುವ ಈ ಕೆಲಸ ನಿಮಗೆ ಮೊದಲ ಸಂಜೆಯೇ ಬಂದರೆ ನನಗೆ ಆಶ್ಚರ್ಯವಿಲ್ಲ.

ದುಡ್ಡು ಪೂರ್ತಿ ಕೀಬೋರ್ಡಿಗೇ ಸುರಿಯಬೇಡಿ. ಒಂದು ಒಳ್ಳೆಯ ವೈರ್ ಇರುವ ಹೆಡ್‌ಫೋನಿಗೆ ಉಳಿಸಿಕೊಳ್ಳಿ, ಯಾಕೆ ಅಂತ ಕೆಳಗೆ ಇನ್ನೊಂದು ಉತ್ತರದಲ್ಲಿದೆ. ಎಫ್‌ಎಲ್ ಸ್ಟುಡಿಯೋ ದುಡ್ಡು ಕೊಟ್ಟು ತಗೊಳ್ಳುವುದಾದರೆ ಆ ಆವೃತ್ತಿಯಲ್ಲಿ ಹಾಡುವ ದನಿಯನ್ನು ರೆಕಾರ್ಡ್ ಮಾಡಿ ಹಾಡಿನೊಳಗೆ ಜೋಡಿಸಲು ಆಗುತ್ತದಾ ಅಂತ ಮೊದಲು ನೋಡಿಕೊಳ್ಳಿ, ಭಜನೆ ಹಾಡುವವರಿಗೆ ಅದು ಬೇಕೇ ಬೇಕು. ಒಂದು ಸಲ ಕೊಂಡರೆ ಮುಂದಿನ ಅಪ್‌ಡೇಟ್‌ಗಳೆಲ್ಲ ಪುಕ್ಕಟೆ.

ಮತ್ತೆ ಕೀಬೋರ್ಡ್ ಕೈಗೆ ಬರುವವರೆಗೂ ಕಾಯಬೇಕಿಲ್ಲ. ಎಫ್‌ಎಲ್‌ನಲ್ಲಿ ಕಂಟ್ರೋಲ್ ಜೊತೆ ಟಿ ಒತ್ತಿ, ನೀವು ಟೈಪ್ ಮಾಡುವ ಕೀಗಳೇ ಸ್ವರ ನುಡಿಸುತ್ತವೆ. ಜೋರು–ಮೆಲ್ಲಗೆ ಇಲ್ಲ, ಸಿಗುವುದೂ ಎರಡು ಚಿಲ್ಲರೆ ಸಪ್ತಕ. ಆದರೂ ಹದಿನೈದು ದಿನ ಅದರಲ್ಲೇ ಒಂದು ಹಾಡು ಮುಗಿಸಿ ನೋಡಿ. ಮುಗಿಸಿದರೆ ನಿಮಗೇನು ಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ.

ಪ್ರಶ್ನೆ: ನಾನು ವೀಣೆ ಕಲಿಸುತ್ತೇನೆ. ಮಕ್ಕಳ ಅಭ್ಯಾಸಕ್ಕೆ ಟ್ರ್ಯಾಕ್ ಮಾಡಿಕೊಡಬೇಕೆಂದಿದೆ. ಮಿಡಿ ಕೀಬೋರ್ಡಿನಲ್ಲಿ ಗಮಕ ಬರುವಂತಹ ಮಾಡೆಲ್ ಯಾವುದು?
– ಮೈಸೂರಿನ ಓದುಗರು

ಮೇಡಂ, ಉತ್ತರ ನಿಮಗೆ ಇಷ್ಟವಾಗಲಿಕ್ಕಿಲ್ಲ. ತೋಡಿಯ ಗಾಂಧಾರವನ್ನು ನೀವು ಒಂದು ಮೆಟ್ಟಿಲ ಮೇಲೆ ತಂತಿ ಎಳೆದು ಹೇಗೆ ತೂಗಾಡಿಸುತ್ತೀರೋ ಅದನ್ನು ಕೀಯಲ್ಲಿ ತರಲು ಹೊರಟರೆ ಒಂದೋ ತೋಡಿ ಉಳಿಯುವುದಿಲ್ಲ, ಇಲ್ಲಾ ನಿಮ್ಮ ತಾಳ್ಮೆ ಉಳಿಯುವುದಿಲ್ಲ.

ಆದರೂ ಎಷ್ಟರಮಟ್ಟಿಗೆ ಆಗುತ್ತದೆ ಅಂತ ಹೇಳುತ್ತೇನೆ. ಕೀಬೋರ್ಡಿನ ಎಡಗಡೆ ಪಿಚ್ ಬೆಂಡ್ ಎಂಬ ಚಕ್ರ ಇರುತ್ತದೆ, ತಳ್ಳಿದರೆ ಸ್ವರ ಜಾರುತ್ತದೆ, ಕೈಬಿಟ್ಟರೆ ಸ್ಪ್ರಿಂಗಿನಿಂದ ಮಧ್ಯಕ್ಕೆ ವಾಪಸಾಗುತ್ತದೆ. ಸ್ವರದ ನಂಬರು, ವೆಲಾಸಿಟಿ ಇವಕ್ಕೆಲ್ಲ ಮಿಡಿಯಲ್ಲಿ 128 ಮೆಟ್ಟಿಲಷ್ಟೇ ಇದ್ದರೆ, ಪಿಚ್ ಬೆಂಡಿಗೆ 16,384 ಮೆಟ್ಟಿಲಿವೆ. ಹಾಗಾಗಿ ಜಾರುವಿಕೆ ನುಣುಪಾಗೇ ಬರುತ್ತದೆ, ಅದರಲ್ಲಿ ತೊಂದರೆಯಿಲ್ಲ. ಸಾಮಾನ್ಯವಾಗಿ ಅದು ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನ ಜಾರುವಂತೆ ಇಟ್ಟಿರುತ್ತಾರೆ, ಸಾಫ್ಟ್‌ವೇರಿನಲ್ಲಿ ಅದನ್ನು ಐದಕ್ಕೋ ಏಳಕ್ಕೋ ಏರಿಸಿಕೊಳ್ಳಬಹುದು. ಜಾಸ್ತಿ ಏರಿಸಿದಷ್ಟೂ ಕೈ ಕೂದಲೆಳೆ ತಪ್ಪಿದರೂ ಅಪಸ್ವರ, ನೆನಪಿರಲಿ. ಎಡಗೈಗೆ ಇದನ್ನು ಕಲಿಸಿದ ಕೀಬೋರ್ಡ್ ವಾದಕರು ಆರ್ಕೆಸ್ಟ್ರಾಗಳಲ್ಲಿ ಇದ್ದಾರೆ, ಕೊಳಲಿನ ಬಿಟ್ ಬಂದಾಗ ಕಣ್ಣುಮುಚ್ಚಿ ಕೇಳಿದರೆ ಮೋಸ ಹೋಗುತ್ತೀರಿ. ಆದರೆ ಅದು ನಾಲ್ಕು ಸೆಕೆಂಡಿನ ಬಿಟ್. ಆಲಾಪನೆಯಲ್ಲ.

ಕೊಳ್ಳುವುದೇ ಆದರೆ ನಿಜವಾದ ಚಕ್ರ ಇರುವುದನ್ನೇ ಕೊಳ್ಳಿ. ಎಂಪಿಕೆ ಮಿನಿಯ ಹಳೆಯ ಮಾಡೆಲ್ಲುಗಳಲ್ಲಿ ಚಕ್ರದ ಬದಲು ಹೆಬ್ಬೆರಳಿನಲ್ಲಿ ಆಡಿಸುವ ಪುಟ್ಟ ಕಡ್ಡಿ ಇದೆ, ಮಿನಿಲ್ಯಾಬಿನಲ್ಲಿ ಬೆರಳು ಸವರುವ ಪಟ್ಟಿ ಇದೆ. ಎರಡರಲ್ಲೂ ಸ್ವರವನ್ನು ನಡುವಿನಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಇನ್ನೊಂದು, ಪಿಚ್ ಬೆಂಡ್ ಆ ಚಾನೆಲ್ಲಿನ ಎಲ್ಲ ಸ್ವರವನ್ನೂ ಒಟ್ಟಿಗೆ ಜಾರಿಸುತ್ತದೆ. ಅದೇ ಟ್ರ್ಯಾಕಿನಲ್ಲಿ ಷಡ್ಜ ಹಿಡಿದಿಟ್ಟುಕೊಂಡು ಗಾಂಧಾರ ತೂಗಿದರೆ ಷಡ್ಜವೂ ತೂಗುತ್ತದೆ, ಶ್ರುತಿಯೇ ಅಲ್ಲಾಡಿದರೆ ಇನ್ನೇನು ಉಳಿಯಿತು? ತಂಬೂರಿಯನ್ನು ಬೇರೆ ಟ್ರ್ಯಾಕಿಗೆ ಹಾಕಿ. ಒಂದೊಂದು ಸ್ವರವೂ ಬೇರೆಬೇರೆಯಾಗಿ ಜಾರಲು ಎಂಪಿಇ ಎಂಬ ಪದ್ಧತಿ 2018ರಲ್ಲಿ ಬಂದಿದೆ, ರೋಲಿ ಕಂಪನಿಯ ಸೀಬೋರ್ಡಿನಲ್ಲಿ ಮೆತ್ತಗಿನ ಮೈಯ ಮೇಲೆ ಬೆರಳನ್ನು ಅತ್ತಿತ್ತ ಉಜ್ಜಿದರೆ ಸ್ವರ ತೂಗುತ್ತದೆ. ನಿಮ್ಮಂಥವರಿಗೆ ನುಡಿಸಲು ಖುಷಿಯಾಗಬಹುದು. ಆದರೆ ಅದರ ಬೆಲೆಗೆ ಇನ್ನೊಂದು ವೀಣೆಯನ್ನೇ ನೋಡಬಹುದು.

ನನ್ನ ಸಲಹೆ: ಮನೆಯಲ್ಲಿ ವೀಣೆ ಇಟ್ಟುಕೊಂಡು ವೀಣೆಯ ನಕಲಿಗೆ ದುಡ್ಡು ಹಾಕಬೇಡಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸು, ಒಂದು ಮೈಕು ತಗೊಂಡು ನಿಮ್ಮ ವೀಣೆಯನ್ನೇ ರೆಕಾರ್ಡ್ ಮಾಡಿ. ತಾಳದ ಎಣಿಕೆ, ಮೃದಂಗದ ಸರಳ ನಡೆ, ಶ್ರುತಿ ಇವಕ್ಕೆ ಪ್ಯಾಡ್ ಇರುವ ಅಗ್ಗದ 25 ಕೀ ಸಾಕು. ಒಬ್ಬ ವಿದ್ಯಾರ್ಥಿಗೆ ಬಿಳಿ ಐದರ ಶ್ರುತಿ, ಇನ್ನೊಬ್ಬರಿಗೆ ಕಪ್ಪು ನಾಲ್ಕು ಅಂತ ಬೇಕಾದಾಗ ಮಿಡಿಯಲ್ಲಿ ಮಾಡಿದ ಟ್ರ್ಯಾಕನ್ನು ಒಂದೇ ಕ್ಲಿಕ್ಕಿನಲ್ಲಿ ಏರಿಸಬಹುದು. ಆ ಅನುಕೂಲ ನಿಮಗೆ ದಿನಾ ಬೇಕಾಗುವಂಥದ್ದು.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಹಳೇ ಯಮಾಹಾ 61 ಕೀ ಮನೆಯಲ್ಲಿದೆ. ಆದರೂ ಹೊಸ ಮಿಡಿ ಕೀಬೋರ್ಡ್ ಬೇಕಾ?
– ಗದಗದ ಓದುಗರು

ಬೇಡ. ಅದನ್ನು ತಿರುಗಿಸಿ ಬೆನ್ನು ನೋಡಿ. 'ಯುಎಸ್‌ಬಿ ಟು ಹೋಸ್ಟ್' ಎಂದು ಬರೆದ ಚೌಕಾಕಾರದ ತೂತಿದ್ದರೆ ಪ್ರಿಂಟರಿಗೆ ಹಾಕುವ ಕೇಬಲ್ ತನ್ನಿ, ಅದೇ ಕೇಬಲ್, ಬೇರೆ ಹೆಸರಿನಲ್ಲಿ ಜಾಸ್ತಿ ದುಡ್ಡಿಗೆ ಮಾರಿದರೆ ತಗೊಳ್ಳಬೇಡಿ. ಬೆನ್ನಲ್ಲಿ ಐದು ತೂತಿನ ದುಂಡನೆ ಸಾಕೆಟ್ ಮಾತ್ರ ಇದ್ದರೆ ಯುಎಸ್‌ಬಿ ಮಿಡಿ ಕೇಬಲ್ ಬೇಕಾಗುತ್ತದೆ. ಅದರಲ್ಲಿ ಎಲ್ಲರೂ ಒಂದು ಸಲ ಎಡವುತ್ತಾರೆ: ಕೇಬಲ್ಲಿನ 'ಇನ್' ಎಂದಿರುವ ತುದಿ ಕೀಬೋರ್ಡಿನ 'ಔಟ್'ಗೆ ಹೋಗಬೇಕು. ಇನ್‌ಗೆ ಇನ್ ಹಾಕಿ ಕೂತರೆ ಬೆಳಗಾದರೂ ಏನೂ ಬರುವುದಿಲ್ಲ.

ಜೋಡಿಸಿದ ಮೇಲೆ ಇನ್ನೊಂದು ಗೊಂದಲ ಆಗುತ್ತದೆ. ಒಂದು ಕೀ ಒತ್ತಿದರೆ ಯಮಾಹಾದ ಪಿಯಾನೊನೂ ಕೇಳುತ್ತದೆ, ಸಾಫ್ಟ್‌ವೇರಿನ ಕೊಳಲೂ ಕೇಳುತ್ತದೆ. ಕೀಬೋರ್ಡಿನ ಫಂಕ್ಷನ್ ಮೆನುವಿನಲ್ಲಿ 'ಲೋಕಲ್' ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಆಗ ಕೀ ಬರೀ ಸಂದೇಶ ಕಳಿಸುತ್ತದೆ, ತಾನು ದನಿ ಎತ್ತುವುದಿಲ್ಲ. ಆಮೇಲೆ ಗಣಪತಿ ಹಬ್ಬದ ಪ್ರೋಗ್ರಾಮಿಗೆ ಎತ್ತಿಕೊಂಡು ಹೋಗುವಾಗ ಅದನ್ನು ಆನ್ ಮಾಡಲು ಮರೆಯಬೇಡಿ! ಸ್ಟೇಜಿನ ಮೇಲೆ, ಇಂಟ್ರೋ ಶುರುವಾಗಬೇಕಾದ ಜಾಗದಲ್ಲಿ, ಸದ್ದೇ ಇಲ್ಲದ ಕೀಬೋರ್ಡನ್ನು ನುಡಿಸುತ್ತ ನಿಂತಿದ್ದವನು ನಾನು. ಡ್ರಮ್ಸ್‌ನವ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಒಂದೇ ಷರತ್ತು. ನಿಮ್ಮದು ಟಚ್ ರೆಸ್ಪಾನ್ಸ್ ಇರುವ ಮಾಡೆಲ್ ಆಗಿರಬೇಕು. ಮೆಲ್ಲಗೆ ಒತ್ತಿದಾಗ ಮೆಲ್ಲಗೆ ಕೇಳದ ಹಳೇ ಮಾಡೆಲ್ ಆದರೆ ಮಿಡಿಯಲ್ಲೂ ಎಲ್ಲ ಸ್ವರ ಒಂದೇ ಮಟ್ಟದಲ್ಲಿ ಹೋಗುತ್ತದೆ. ನುಡಿಸುವಾಗ ಒಂದು ಸ್ವರ ಸಿಕ್ಕಿಹಾಕಿಕೊಂಡು ಕೂಗುತ್ತಲೇ ಇದ್ದರೆ ಗಾಬರಿಯಾಗಿ ವೈರ್ ಕೀಳಬೇಡಿ, ಎಫ್‌ಎಲ್‌ನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಸುಮ್ಮನಾಗುತ್ತದೆ.

ಪ್ರಶ್ನೆ: ಕೀ ಒತ್ತಿದ ಮೇಲೆ ಸ್ವಲ್ಪ ಹೊತ್ತಾಗಿ ಶಬ್ದ ಬರುತ್ತದೆ. ತಾಳಕ್ಕೆ ನುಡಿಸಲು ಆಗುತ್ತಲೇ ಇಲ್ಲ. ಹೆಚ್ಚು ಬೆಲೆಯ ಕೀಬೋರ್ಡ್ ತಗೊಂಡರೆ ಸರಿಹೋಗುತ್ತದೆಯೇ?
– ಬೆಂಗಳೂರಿನ ಓದುಗರು

ಹೋಗುವುದಿಲ್ಲ. ತಡ ಆಗುತ್ತಿರುವುದು ಕೀಬೋರ್ಡಿನಲ್ಲಿ ಅಲ್ಲ, ಲ್ಯಾಪ್‌ಟಾಪಿನಲ್ಲಿ. ಅಥವಾ ನಿಮ್ಮ ಕಿವಿಯಲ್ಲಿ! ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದೀರಾ? ಹಾಕಿದ್ದರೆ ಮೊದಲು ತೆಗೆಯಿರಿ. ಅದರಲ್ಲಿ ನೂರು–ಇನ್ನೂರು ಮಿಲಿಸೆಕೆಂಡ್ ತಡ ಸಾಮಾನ್ಯ, ಸಿನಿಮಾ ನೋಡುವಾಗ ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸಿಬಿಡುತ್ತದೆ, ನಿಮ್ಮ ಬೆರಳನ್ನು ಯಾರೂ ತಡ ಮಾಡಲಾರರು. ದಾವಣಗೆರೆಯವರಿಗೆ ವೈರ್ ಇರುವ ಹೆಡ್‌ಫೋನ್ ಅಂದಿದ್ದು ಇದಕ್ಕೇ.

ವೈರ್ ಹಾಕಿದರೂ ತಡ ಇದ್ದರೆ ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್ಸ್ ತೆರೆಯಿರಿ. ವಿಂಡೋಸ್ ಆದರೆ ಡ್ರೈವರ್ ಜಾಗದಲ್ಲಿ 'ಏಸಿಯೋ' (ASIO) ಅಂತ ಇರುವುದನ್ನು ಆರಿಸಿ, ಎಫ್‌ಎಲ್‌ನ ಜೊತೆಗೇ ಒಂದು ಬರುತ್ತದೆ, ಬೇರೆ ಸಾಫ್ಟ್‌ವೇರಿಗೆ ಏಸಿಯೋ ಫಾರ್ ಆಲ್ ಪುಕ್ಕಟೆ ಸಿಗುತ್ತದೆ. ನಂತರ ಬಫರ್, ಅಂದರೆ ಲ್ಯಾಪ್‌ಟಾಪ್ ಶಬ್ದದ ಎಷ್ಟು ತುಣುಕು ಕೂಡಿಟ್ಟುಕೊಂಡು ಹೊರಬಿಡಬೇಕು ಎನ್ನುವ ಸಂಖ್ಯೆ. 1024 ಇದ್ದರೆ 23 ಮಿಲಿಸೆಕೆಂಡ್ ತಡ, 256ಕ್ಕೆ ಸುಮಾರು 6, 128ಕ್ಕೆ ಸುಮಾರು 3. ಮೂರು ಮಿಲಿಸೆಕೆಂಡ್ ಅಂದರೆ ಸ್ಪೀಕರಿನಿಂದ ಒಂದು ಮೀಟರ್ ದೂರ ಕೂತಷ್ಟು, ಅಷ್ಟೇ. ಬಫರ್ ತೀರ ಇಳಿಸಿದರೆ ಚಟಪಟ ಅಂತ ಒಗ್ಗರಣೆ ಸಿಡಿದಂತೆ ಶಬ್ದ ಬರುತ್ತದೆ, ಆಗ ಒಂದು ಹೆಜ್ಜೆ ಮೇಲಕ್ಕೆ ಬನ್ನಿ. ನುಡಿಸುವಾಗ ಕಡಿಮೆ, ಮಿಕ್ಸ್ ಮಾಡುವಾಗ ಜಾಸ್ತಿ. ಇದಕ್ಕೆ ಹೊಸ ಕೀಬೋರ್ಡ್ ಮಾರಲು ಬಂದವರಿಗೆ ನಮಸ್ಕಾರ ಹೇಳಿ ಕಳಿಸಿ.

ಪ್ರಶ್ನೆ: ಮಗಳು ಪಿಯಾನೊ ಕ್ಲಾಸಿಗೆ ಹೋಗುತ್ತಾಳೆ, ಗ್ರೇಡ್ ಪರೀಕ್ಷೆ ಕಟ್ಟುತ್ತಾಳೆ. ಈಗ ಕಂಪ್ಯೂಟರಿನಲ್ಲೂ ಸಂಗೀತ ಮಾಡಬೇಕಂತೆ. 88 ಕೀ ಕಂಟ್ರೋಲರ್ ಕೊಡಿಸಲಾ?
– ಬೆಂಗಳೂರಿನ ಇನ್ನೊಬ್ಬ ಓದುಗರು

ಕಂಟ್ರೋಲರ್, ಅಂದರೆ ತನ್ನದೇ ಶಬ್ದವಿಲ್ಲದ ಮಿಡಿ ಕೀಬೋರ್ಡ್, ಬೇಡ, ಡಿಜಿಟಲ್ ಪಿಯಾನೊ ಕೊಡಿಸಿ. ಯಮಾಹಾ ಪಿ-145, ರೋಲ್ಯಾಂಡ್ ಎಫ್‌ಪಿ-10 ಅಂಥವು. ಸ್ಪೀಕರ್ ಇದೆ, ಸುತ್ತಿಗೆಯಂತೆ ಭಾರವಾಗಿ ಇಳಿಯುವ ಕೀ ಇದೆ, ಯುಎಸ್‌ಬಿಯಿಂದ ಲ್ಯಾಪ್‌ಟಾಪಿಗೂ ಜೋಡಿಸಬಹುದು. ಅಭ್ಯಾಸಕ್ಕೆ ಕೂತಾಗಲೆಲ್ಲ ಲ್ಯಾಪ್‌ಟಾಪ್ ಆನ್ ಮಾಡಬೇಕಾದರೆ ಮಕ್ಕಳು ಅಭ್ಯಾಸಕ್ಕೆ ಕೂರುವುದಿಲ್ಲ, ಕೂತರೂ ಯೂಟ್ಯೂಬ್ ತೆರೆದಿರುತ್ತದೆ. 88 ಕೀ ಇದ್ದ ಮಾತ್ರಕ್ಕೆ ಪಿಯಾನೊ ಸ್ಪರ್ಶ ಇರುತ್ತದೆ ಎಂದೂ ಅಲ್ಲ. ಕೀಸ್ಟೇಷನ್ 88ರಲ್ಲಿ ಕೀ ಹಗುರ, ಅದೇ ಕಂಪನಿಯ ಹ್ಯಾಮರ್ 88ರಲ್ಲಿ ಭಾರ. ಜಾಗ ನೋಡಿಕೊಳ್ಳಿ: ಮೇಲೆ ಹೇಳಿದ ಡಿಜಿಟಲ್ ಪಿಯಾನೊಗಳು ಸುಮಾರು ನಾಲ್ಕೂಕಾಲು ಅಡಿ ಉದ್ದ, ಹನ್ನೊಂದು–ಹನ್ನೆರಡು ಕಿಲೋ ತೂಕ.

ಸಸ್ಟೇನ್ ಪೆಡಲ್ ಬೇರೆ ಕಂಪನಿಯದು ತಂದರೆ ಕೆಲವೊಮ್ಮೆ ಉಲ್ಟಾ ಕೆಲಸ ಮಾಡುತ್ತದೆ, ಕಾಲಿಟ್ಟರೆ ನಾದ ನಿಲ್ಲುತ್ತದೆ, ತೆಗೆದರೆ ಹರಿಯುತ್ತದೆ. ಪೆಡಲ್ ಕೆಟ್ಟಿಲ್ಲ. ಅದರ ಹೊಟ್ಟೆಯ ಕೆಳಗೆ ಸಣ್ಣ ಸ್ವಿಚ್ ಇದ್ದರೆ ಬದಲಿಸಿ. ಇಲ್ಲದಿದ್ದರೆ ಪಿಯಾನೊ ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ, ಎಷ್ಟೋ ಕೀಬೋರ್ಡುಗಳು ಆ ಕ್ಷಣದಲ್ಲೇ ಯಾವ ಕಡೆ ಎಂದು ಗುರುತು ಹಿಡಿಯುತ್ತವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಏನು ನೋಡಬೇಕು?
– ಶಿವಮೊಗ್ಗದ ಓದುಗರು

ತಗೊಳ್ಳಬಹುದು, ಹೊಸ ವರ್ಷದ ಹುರುಪಿನಲ್ಲಿ ಕೊಂಡು ಮಂಚದ ಕೆಳಗೆ ಸೇರಿದ್ದು ಎಷ್ಟೋ ಮಾರಾಟಕ್ಕೆ ಬರುತ್ತದೆ. ಲ್ಯಾಪ್‌ಟಾಪ್ ಒಯ್ಯಿರಿ. ರೆಕಾರ್ಡ್ ಒತ್ತಿ ಕೆಳಗಿನಿಂದ ಮೇಲಿನವರೆಗೂ ಪ್ರತಿ ಕೀಯನ್ನೂ, ಕಪ್ಪನ್ನೂ ಬಿಡದೆ, ಒಮ್ಮೆ ಮೆಲ್ಲಗೆ ಒಮ್ಮೆ ಜೋರಾಗಿ ಒತ್ತಿ. ಆಮೇಲೆ ಪರದೆಯಲ್ಲಿ ವೆಲಾಸಿಟಿ ಗೆರೆಗಳನ್ನು ನೋಡಿ. ಗಿಡ್ಡ, ಉದ್ದ, ಗಿಡ್ಡ, ಉದ್ದ ಅಂತ ಹೋಗುತ್ತಿದ್ದ ಸಾಲಿನಲ್ಲಿ ಒಂದು ಕೀಗೆ ಮಾತ್ರ ಎರಡೂ ಉದ್ದ ಬಂದಿದ್ದರೆ, ಅಂದರೆ ಮೆಲ್ಲಗೆ ಒತ್ತಿದರೂ 127 ಬಂದಿದ್ದರೆ, ಆ ಕೀಯ ಕೆಳಗಿನ ರಬ್ಬರ್ ಪಟ್ಟಿಯಲ್ಲಿ ಧೂಳು ಸೇರಿರಬಹುದು ಇಲ್ಲಾ ಸವೆದಿರಬಹುದು. ಪಿಚ್ ಚಕ್ರ ಬಿಟ್ಟಾಗ ಸ್ವರ ಸರಿಯಾಗಿ ಮಧ್ಯಕ್ಕೆ ಬರುತ್ತದಾ ನೋಡಿ. ಕೇಬಲ್ ಸಿಕ್ಕಿಸುವ ಜಾಗವನ್ನು ನುಡಿಸುತ್ತಲೇ ಮೆಲ್ಲಗೆ ಅಲ್ಲಾಡಿಸಿ, ಲೈಟ್ ಆರಿದರೆ ಬೆಲೆ ಎಷ್ಟೇ ಇಳಿಸಲಿ ಬಿಟ್ಟು ಬನ್ನಿ. ಜೊತೆಗೆ ಬಂದ ಸಾಫ್ಟ್‌ವೇರನ್ನು ಮೊದಲಿನವರು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿರುತ್ತಾರೆ, ಅದು ನಿಮಗೆ ಸಿಗುತ್ತದೆ ಎಂದುಕೊಂಡು ದುಡ್ಡು ಜಾಸ್ತಿ ಕೊಡಬೇಡಿ. ಹಾಡು ಮಾಡುವ ರೀಪರ್ ಸಾಫ್ಟ್‌ವೇರನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು, ಎಲ್‌ಎಂಎಂಎಸ್ ಯಾವತ್ತೂ ಪುಕ್ಕಟೆ, ಶುರುಮಾಡಲು ಅಷ್ಟು ಸಾಕು.